ಬೊಮ್ಮಿಯ ಕ್ಯಾನಿನ ಮೇಲೊಂದು ಗೆರೆ

ಕಾಸರಕೋಡಿನ ಬೊಮ್ಮಿ ಬೆಳಿಗ್ಗೆ ಆರು ಗಂಟೆಗೆ ಒಂದು ಲೋಟ ನೀರು ಕುಡಿಯುತ್ತಿದ್ದಳು. ಆಮೇಲೆ ಸಂಜೆ ಆರರವರೆಗೆ ಹನಿ ನೀರಿಲ್ಲ. ಇದು ವ್ರತವಲ್ಲ, ಯಾವ ದೇವರೂ ಕೇಳಿದ್ದಲ್ಲ. ಕಡಲತಡಿಯಲ್ಲಿ ಮೀನು ಒಣಗಿಸಲು ಹೋಗುವ ಹೆಂಗಸರ ಪದ್ಧತಿ. ಮೂವತ್ತಮೂರು ವರ್ಷ ಅವಳು ಅದನ್ನು ಪಾಲಿಸಿದಳು. ನಮ್ಮ ಊರುಗಳಲ್ಲಿ ಇದಕ್ಕಿಂತ ಸಣ್ಣ ಸಾಧನೆಗಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಒಮ್ಮೆ ನನಗೇ ಕೊಟ್ಟಿದ್ದಾರೆ.

ಅವಳು ಹುಟ್ಟಿದ್ದು ಭಟ್ಕಳದ ಹತ್ತಿರ ಹೆಬಳೆಯಲ್ಲಿ. ಅಲ್ಲಿ ಗದ್ದೆಯಿತ್ತು, ಗದ್ದೆಯ ಅಂಚಿಗೆ ಗೇರುಗಿಡಗಳಿದ್ದವು. ಹೆಣ್ಣುಮಕ್ಕಳಿಗೆ ಅಷ್ಟು ಮರೆ ಸಾಕಾಗುತ್ತಿತ್ತು. ಹತ್ತೊಂಬತ್ತಕ್ಕೆ ಜಟ್ಟನನ್ನು ಮದುವೆಯಾಗಿ ಕಾಸರಕೋಡಿಗೆ ಬಂದಳು. ವಾರ ಕಳೆಯುವುದರೊಳಗೆ ಅತ್ತೆ ಅವಳನ್ನು ಮೀನು ಒಣಗಿಸುವ ಜಾಗಕ್ಕೆ ಕರೆದುಕೊಂಡು ಹೋದಳು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಸ್ತೆ, ನಡುವೆ ಬೋಳು ಮರಳು. ಅದರ ಮೇಲೆ ಬಲೆ ಹಾಸಿ ತಾರ್ಲೆ ಮೀನು ಹರಡಿದ್ದರು. ಮೊಣಕಾಲೆತ್ತರದ ಗಿಡವೂ ಇಲ್ಲ. ಹೊಸ ಮದುಮಗಳು ಬಿಸಿಲಿಗೆ ಬಾಯಾರಿ ಹತ್ತು ಗಂಟೆಗೆ ಕೊಡದಿಂದ ಎರಡು ಲೋಟ ನೀರು ಕುಡಿದಳು. ಹನ್ನೆರಡರ ಹೊತ್ತಿಗೆ ಅವಳ ನಡಿಗೆ ಬದಲಾಗಿದ್ದನ್ನು ಅತ್ತೆ ಗಮನಿಸಿದಳು.

“ಕುಡಿಯೂದು ಸುಲಭ ಮಾರಾಯ್ತಿ. ಹೋಗೂದು ಎಲ್ಲಿಗೆ?”

ಬೊಮ್ಮಿ ಕತ್ತಲಾಗುವ ತನಕ ತಡೆದುಕೊಂಡಳು. ಮರುದಿನದಿಂದ ಆರರ ಲೋಟಕ್ಕೆ ಒಗ್ಗಿಕೊಂಡಳು. ಕೆಲವು ವರ್ಷಗಳಲ್ಲಿ ಅದು ಹೆಮ್ಮೆಯೂ ಆಯಿತು. ಗಂಡಸರು ತಮ್ಮ ಬೋಟಿನ ಎಂಜಿನ್ನಿನ ಬಗ್ಗೆ ಹೇಳಿಕೊಳ್ಳುವ ಹಾಗೆ ಅಲ್ಲಿಯ ಹೆಂಗಸರು, “ನಂಗೆ ಬೆಳಿಗ್ಗೆ ಹೋದ್ರೆ ಆತು, ಮತ್ತೆ ದೀಪ ಹಚ್ಚಿದ ಮೇಲೆಯೇ” ಎನ್ನುತ್ತಿದ್ದರು.

ಅಲ್ಲಿಯ ಇನ್ನೊಂದು ರೂಢಿಯನ್ನೂ ಹೇಳಬೇಕು. ಬೋಟು ಬಂದಾಗ ಬಲೆಯಲ್ಲಿದ್ದದ್ದನ್ನೆಲ್ಲ ಮರಳಿಗೆ ಸುರಿಯುತ್ತಾರೆ. ಹೆಂಗಸರು ಸುತ್ತ ಕೂತು ಬೇಕಾದ ಮೀನನ್ನು ತಮ್ಮ ತಮ್ಮ ಬುಟ್ಟಿಗೆ ಆರಿಸುತ್ತಾರೆ. ಬುಟ್ಟಿ ತುಂಬಿದವಳಿಗೆ ಪೂರಾ ಪಾಲು. ಯಾರಿಗಾದರೂ ಜ್ವರವೋ, ಬಸಿರೋ, ಮನೆಯಲ್ಲಿ ಸಾವೋ ಆಗಿ ಕೈ ಓಡದಿದ್ದರೆ ಉಳಿದವರು ಒಂದೊಂದು ಮುಷ್ಟಿ ಅವಳ ಬುಟ್ಟಿಗೆ ಹಾಕುತ್ತಾರೆ. ಹಾಕಿದವಳು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಬಾರದು. ಹಾಕಿಸಿಕೊಳ್ಳುವವಳು ಆ ಹೊತ್ತಿಗೆ ಸಮುದ್ರದ ಕಡೆ ತಿರುಗಿ ಕೂರಬೇಕು. ಜಟ್ಟ ಬೋಟಿನಲ್ಲೇ ಎದೆನೋವು ಬಂದು ತೀರಿಕೊಂಡಾಗ ಬೊಮ್ಮಿ ಒಂದು ತಿಂಗಳು ಸಮುದ್ರದ ಕಡೆ ತಿರುಗಿ ಕೂತಿದ್ದಳಂತೆ. ಅವಳ ಬುಟ್ಟಿಗೆ ಹೆಚ್ಚು ಮುಷ್ಟಿ ಹಾಕಿದವಳು ಗಂಗಿ, ಜಟ್ಟನ ತಮ್ಮನ ಹೆಂಡತಿ, ಒಂದೇ ಅಂಗಳದ ಓರಗಿತ್ತಿ. ಮುಂದೆ ಗಂಗಿಗೆ ಕಾಮಾಲೆ ಬಂದಾಗ ಬೊಮ್ಮಿ ತಿರುಗಿ ಹಾಕಿದಳು.

ಇಷ್ಟು ಹೆಂಗಸರ ಕಷ್ಟ ಕಂಡು ಮರುಗಿದವರು ಇಲ್ಲವೆಂದಲ್ಲ. ‘ಕಡಲತಡಿ ಒಣಮೀನು ಮಹಿಳೆಯರ ಹಿತಚಿಂತಕ ಸಂಘ’ ಎಂದೊಂದಿತ್ತು. ಅಧ್ಯಕ್ಷ ಕಮಲಾಕರ. ಅವನು ಮಹಿಳೆಯಲ್ಲ, ಒಣಮೀನನ್ನು ಊಟದ ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಮುಟ್ಟಿದವನೂ ಅಲ್ಲ. ಆದರೆ ಆ ವಿಷಯ ಯಾವ ಸಭೆಯ ಕಾರ್ಯಸೂಚಿಯಲ್ಲೂ ಬರಲಿಲ್ಲ. ಅವನ ಮುತುವರ್ಜಿಯಿಂದ ಎರಡು ಬಾಗಿಲಿನ ಶೌಚಾಲಯವೊಂದು ಎದ್ದಿತು. ಕರಿಕಲ್ಲಿನ ಫಲಕದಲ್ಲಿ ಹನ್ನೊಂದು ಹೆಸರು. ಅಧ್ಯಕ್ಷರ ಹೆಸರಿನ ಅಕ್ಷರ ದೊಡ್ಡದಾದ್ದರಿಂದ ‘ಮಹಿಳಾ ಶೌಚಾಲಯ’ ಎಂಬುದು ಕೆಳಗೆ ಮೂಲೆಯಲ್ಲಿ ಮುದುಡಿಕೊಂಡಿತು. ರಿಬ್ಬನ್ ಕತ್ತರಿಸಿದರು, ಭಾಷಣ ಆಯಿತು, ಫೋಟೋ ಆಯಿತು. ಫೋಟೋ ಆದ ಕೂಡಲೇ ಬೀಗ ಹಾಕಿದರು. ಬಿಟ್ಟರೆ ಎರಡು ದಿನದಲ್ಲಿ ಹೊಲಸು ಮಾಡುತ್ತಾರೆ ಎಂಬುದು ಅಧ್ಯಕ್ಷರ ಚಿಂತೆ. ಬೀಗದ ಕೈ ಅವನ ಸೊಂಟದಲ್ಲೇ ಉಳಿಯಿತು.

ಗಂಗಿ ಒಮ್ಮೆ ಎಲ್ಲರೆದುರು ಕೇಳಿದಳು: “ಕಮಲಾಕರಣ್ಣ, ಒಂದು ಸಲ ಬೀಗ ತೆಗೀರಿ.”

“ಎಂತಕ್ಕೆ?”

“ಒಳಗೆ ಎಂತ ಉಂಟು ಅಂತ ನೋಡೂಕೆ. ಸಾಯೂದರೊಳಗೆ ಒಂದು ಸಲ ದರ್ಶನ ಆಗಲಿ.”

ಹೆಂಗಸರು ನಕ್ಕರು. ಕಮಲಾಕರ ನಗಲಿಲ್ಲ, ಮುಂದಿನ ಸಭೆಯಲ್ಲಿ ಇಡೋಣ ಎಂದ. ಐದು ವರ್ಷವಾದರೂ ಆ ಶೌಚಾಲಯ ಕಟ್ಟಿದ ದಿನದಷ್ಟೇ ಶುಭ್ರವಾಗಿದೆ.

ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಬೊಮ್ಮಿಯ ಮಗಳು ಮಂಗಲಾ ನನ್ನ ಹಳೆ ವಿದ್ಯಾರ್ಥಿನಿ. ಈಗ ಭಟ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಇದ್ದಾಳೆ. ಒಣಗಿಸುವ ಕೆಲಸ ಇಲ್ಲದ ತಿಂಗಳಲ್ಲಿ ಬೊಮ್ಮಿಯೂ ಗಂಗಿಯೂ ಸೇತುವೆ ದಾಟಿ ಬಂದು ನಮ್ಮ ಓಣಿಯಲ್ಲಿ ಹಸಿ ಮೀನು ಮಾರುತ್ತಿದ್ದರು. ವರ್ಷಕ್ಕೊಮ್ಮೆ ನಾನು ಮೂತ್ರಪಿಂಡದ ಪಾಠ ಮಾಡುತ್ತೇನೆ. ಅದಕ್ಕೊಂದು ಬಣ್ಣದ ಚಾರ್ಟ್ ಇದೆ. ಆ ಪಾಠವನ್ನು ನನ್ನಷ್ಟು ಸೊಗಸಾಗಿ ಹೇಳುವವರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನೇ ಸುಮಾರು ಜನರಿಗೆ ಹೇಳಿದ್ದೇನೆ. ನನ್ನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸುತ್ತಿದ್ದ ಬೊಮ್ಮಿಯ ಪಾದ ಊದಿದ್ದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಬಂಗುಡೆಯ ಕಣ್ಣು ನೋಡುತ್ತಿದ್ದೆ, ತಾಜಾ ಹೌದೋ ಅಲ್ಲವೋ ಎಂದು.

ಬುಟ್ಟಿ ಹೊತ್ತು ಹೊತ್ತು ಅವಳಿಗೆ ಸೊಂಟನೋವು. ಅಂಗಡಿಯಲ್ಲಿ ಕೇಳಿ ನೋವಿನ ಗುಳಿಗೆ ತರುತ್ತಿದ್ದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮಧ್ಯಾಹ್ನದ್ದನ್ನು ಉಗುಳಿನಲ್ಲೇ ನುಂಗುತ್ತಿದ್ದಳು, ನೀರು ಕುಡಿಯುವ ಹಾಗಿಲ್ಲವಲ್ಲ.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ ಉರಿಬಿಸಿಲು. ಮಳೆಗಾಲದ ಮೊದಲು ಆದಷ್ಟು ಒಣಗಿಸಬೇಕೆಂದು ಹೆಂಗಸರು ಬಾಗಿದ ಬೆನ್ನು ಎತ್ತಿರಲಿಲ್ಲ. ಬೊಮ್ಮಿಗೆ ಮೂರು ದಿನ ಮೂತ್ರ ಹೋಗಲೇ ಇಲ್ಲ. ಅವಳು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ? ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂದು ಕಲಿತವಳು. ನಾಲ್ಕನೆಯ ದಿನ ಮುಖ ಊದಿ, ವಾಂತಿಯಾಗಿ, ಹರಡಿದ್ದ ತಾರ್ಲೆಯ ಮೇಲೆ ಬೋರಲು ಬಿದ್ದಳು. ಗಂಗಿ ರಿಕ್ಷಾ ಮಾಡಿಸಿ ಕುಮಟಾದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ತೊಳೆದು ವಾಪಸು ಬಿಟ್ಟರು. ಡಾಕ್ಟರು ಮಂಗಲಾಳನ್ನೂ ಗಂಗಿಯನ್ನೂ ಕೂರಿಸಿ ಹೇಳಿದರು:

“ಕಿಡ್ನಿ ಪೂರ್ತಿ ಸತ್ತಿಲ್ಲ. ಪೆಟ್ಟು ತಿಂದು ಮಲಗಿದೆ. ಮೂರು ತಿಂಗಳು ನೋಡುವ. ಮೂತ್ರ ತಿರುಗಿ ಬಂದರೆ ಗೆದ್ದ ಹಾಗೆ. ಬರದಿದ್ದರೆ ಇರುವಷ್ಟು ದಿನ ಈ ಯಂತ್ರ.”

ಅಂದಿನಿಂದ ಮಂಗಳವಾರ, ಶುಕ್ರವಾರ ಓರಗಿತ್ತಿಯರಿಬ್ಬರೂ ಬಸ್ಸು ಹತ್ತಿ ಕುಮಟಾಕ್ಕೆ ಹೋಗುವುದು, ನಾಲ್ಕು ತಾಸು ಯಂತ್ರದ ಪಕ್ಕ ಇರುವುದು, ಸೋತು ತಿರುಗಿ ಬರುವುದು.

ವಿಷಯ ತಿಳಿದು ನಾನು ಕಾಸರಕೋಡಿಗೆ ಹೋದೆ. ಬೇರೆಯವರು ಹಣ್ಣು ತೆಗೆದುಕೊಂಡು ಹೋಗುತ್ತಾರೆ, ನಾನು ಚಾರ್ಟ್ ತೆಗೆದುಕೊಂಡು ಹೋದೆ. ಜಟ್ಟನ ಫೋಟೋದ ಪಕ್ಕದ ಮೊಳೆಗೆ ಅದನ್ನು ನೇತುಹಾಕಿ, ಗಂಟಲು ಸರಿಮಾಡಿಕೊಂಡೆ.

“ನೋಡು ಬೊಮ್ಮಿ, ಮೂತ್ರಪಿಂಡ ಅಂದರೆ ಜರಡಿ ಅಂತ ಎಲ್ಲರೂ ತಿಳಿದಿದ್ದಾರೆ. ಕೊಳೆಯನ್ನು ಹುಡುಕಿ ಹೊರಗೆ ಹಾಕ್ತದೆ ಅಂತ. ಹಾಗಲ್ಲ. ಅದು ರಕ್ತದ ನೀರನ್ನೆಲ್ಲ ಮೊದಲು ಹೊರಗೆ ಸುರೀತದೆ. ಉಪ್ಪು, ಸಕ್ಕರೆ, ಕೊಳೆ ಎಲ್ಲ ಸೇರಿ. ದಿನಕ್ಕೆ ನೂರೆಂಬತ್ತು ಲೀಟರ್. ಆಮೇಲೆ ಕೂದಲಿಗಿಂತ ಸಪೂರದ ಲಕ್ಷಾಂತರ ಕೊಳವೆಗಳು ಕೂತು ಬೇಕಾದ್ದನ್ನೆಲ್ಲ ಆರಿಸಿ ರಕ್ತಕ್ಕೆ ವಾಪಸು ಹಾಕ್ತವೆ. ಕೊನೆಗೆ ಉಳಿಯುವ ಒಂದೂವರೆ ಲೀಟರೇ ಮೂತ್ರ.”

ಬೊಮ್ಮಿ ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಚಾರ್ಟನ್ನು ನೋಡಿದಳು. “ಅಂದ್ರೆ ನಮ್ಮದೇ ಕೆಲಸ.”

“ಎಂತ?”

“ಬಲೆ ಸುರಿಯೂದು, ಬೇಕಾದ್ದು ಬುಟ್ಟಿಗೆ, ಬೇಡದ್ದು ಮರಳಿಗೆ. ಅಲ್ದಾ ಗಂಗಿ?”

“ಹೌದೇ ಮಾರಾಯ್ತಿ. ಹೊಟ್ಟೆಯೊಳಗೂ ಇದೇ ಗತಿ” ಎಂದಳು ಗಂಗಿ.

ಇಪ್ಪತ್ನಾಲ್ಕು ವರ್ಷ ಪಾಠ ಮಾಡಿದ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ. ಹಾಗಂತ ಅವಳೆದುರು ಒಪ್ಪಿಕೊಳ್ಳಲಿಲ್ಲ, ಇದನ್ನೇ ಹೇಳಲು ಬರುತ್ತಿದ್ದೆ ಎಂಬ ಮುಖ ಮಾಡಿದೆ.

“ನೀರು ಕುಡೀದಿದ್ರೆ ಅದಕ್ಕೆ ಹೇಗೆ ಗೊತ್ತಾಗ್ತದೆ?” ಬೊಮ್ಮಿ ಕೇಳಿದಳು.

“ರಕ್ತ ಉಪ್ಪಾಗ್ತದೆ. ಮಿದುಳಿಗೆ ಅದು ತಿಳಿದು ಒಂದು ರಸವನ್ನು ರಕ್ತಕ್ಕೆ ಬಿಡ್ತದೆ. ನೀರು ಕಡಿಮೆ ಉಂಟು, ಒಂದು ಹನಿಯನ್ನೂ ಬಿಡಬೇಡಿ ಅಂತ ಕೊಳವೆಗಳಿಗೆ ಅದರ ಅಪ್ಪಣೆ. ಆಗ ಅವು ಇನ್ನೂ ಬಿಗಿಯಾಗಿ ನೀರನ್ನು ಹಿಂದಕ್ಕೆ ಎಳೀತವೆ. ಮೂತ್ರ ಸ್ವಲ್ಪವೇ, ಗಾಢ ಹಳದಿ. ಆದರೆ ಎಷ್ಟೇ ಬಿಗಿ ಹಿಡಿದರೂ ದಿನಕ್ಕೆ ಅರ್ಧ ಲೀಟರ್ ಆದರೂ ಹೊರಗೆ ಹೋಗಲೇಬೇಕು. ಅದಕ್ಕಿಂತ ಕಡಿಮೆ ನೀರಿನಲ್ಲಿ ಮೈಯ ವಿಷ ಕರಗಿ ಹೋಗೂದಿಲ್ಲ.”

“ಮೂವತ್ತು ವರ್ಷ ನಡೀತಲ್ಲ?”

“ನಡೀತು. ರಕ್ತದ ಒತ್ತಡ ಇಳಿದಾಗ ಕಿಡ್ನಿ ತನಗೆ ರಕ್ತ ಬರುವ ದಾರಿಯನ್ನು ತಾನೇ ಅಗಲ ಮಾಡಿ ಹಿಡಿದುಕೊಳ್ತದೆ. ಹಾಗೆ ಜೀವ ಉಳಿಸಿಕೊಂಡಿತ್ತು. ನಿನ್ನ ಸೊಂಟನೋವಿನ ಗುಳಿಗೆ ಆ ಹಿಡಿದ ಕೈಯನ್ನು ಬಿಡಿಸಿತು.”

ಬೊಮ್ಮಿ ಸೊಂಟ ಮುಟ್ಟಿ ನೋಡಿಕೊಂಡಳು. ಆಮೇಲೆ, “ಅದಕ್ಕೂ ರಜೆ ಅಂತ ಇರಲಿಲ್ಲ, ಪಾಪ” ಎಂದಳು.

ಈಗ ಅವಳಿಗೆ ದಿನಕ್ಕೆ ಮೂರೇ ಲೋಟ ನೀರು. ಹೊರಗೆ ಹೋಗದ ನೀರು ಎದೆಯಲ್ಲಿ ನಿಂತೀತೆಂಬ ಭಯ. ಎಳನೀರಿಲ್ಲ, ಬಾಳೆಹಣ್ಣಿಲ್ಲ. ಅವುಗಳಲ್ಲಿರುವ ಪೊಟ್ಯಾಸಿಯಂ ಎಂಬ ಲವಣವನ್ನು ಹೊರಗೆ ಹಾಕುವುದೂ ಮೂತ್ರಪಿಂಡವೇ. ಅದು ಮಲಗಿದರೆ ಲವಣ ರಕ್ತದಲ್ಲಿ ಏರಿ ಹೃದಯವನ್ನು ನಿಲ್ಲಿಸಿಬಿಡುತ್ತದೆ. “ಕುಡಿಯೂಕೆ ಆಗದ ಕಾಲದಲ್ಲಿ ಕೊಡ ತುಂಬಿರ್ತಿತ್ತು. ಈಗ ಹಿತ್ತಲಲ್ಲಿ ಕಕ್ಕಸು ಉಂಟು, ನೀರು ಕೊಡೂದಿಲ್ಲ” ಎಂದು ಬೊಮ್ಮಿ ನಗಾಡುತ್ತಿದ್ದಳು. ಆ ನಗು ಕೇಳಿದವರು ಬೇಗ ಎದ್ದು ಹೋಗುತ್ತಿದ್ದರು.

ಜನ್ಮಪೂರ್ತಿ ಯಾರೂ ಬಾಯಿಬಿಡದ ವಿಷಯ ಆ ಅಂಗಳದಲ್ಲಿ ಗಟ್ಟಿಯಾಗಿ ಕೇಳತೊಡಗಿತು. ಗಂಗಿ ಬೆಳಿಗ್ಗೆ ಎದ್ದು ತನ್ನ ಬಾಗಿಲಿಂದಲೇ ಕೂಗುತ್ತಿದ್ದಳು: “ಅಕ್ಕಾ, ಇವತ್ತು ಎಷ್ಟು?” ಕಷಾಯದ ಹಳೆ ಬಾಟ್ಲಿಯೊಂದು ಅಳತೆಗಿತ್ತು. ಮೇ ತಿಂಗಳಲ್ಲಿ ತಳ ಮುಚ್ಚುವಷ್ಟು. ಜೂನ್ ನಡುವಿಗೆ ಕಾಲು ಬಾಟ್ಲಿ. ಮಳೆ ಹಿಡಿದ ಮೇಲೆ ಇನ್ನೂರು ಮಿಲಿ ಲೀಟರ್. ಆಮೇಲೆ ಅಲ್ಲೇ ನಿಂತಿತು. ಮೇಲೇರಲಿಲ್ಲ.

ಜುಲೈ ಮೂರನೆಯ ವಾರ ಡಾಕ್ಟರು ಐದು ಲೀಟರಿನ ಬಿಳಿ ಕ್ಯಾನು ಕೊಟ್ಟರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಅದರಲ್ಲಿ ಹಿಡಿದು ತರಬೇಕು. ಎಷ್ಟಿದೆ, ಅದರಲ್ಲಿ ಕೊಳೆ ಎಷ್ಟು ಬಂದಿದೆ ಎಂದು ನೋಡಿ, ಚೆನ್ನಾಗಿದ್ದರೆ ಯಂತ್ರ ನಿಲ್ಲಿಸಿ ನೋಡೋಣ ಎಂದರು. ಮೂರು ತಿಂಗಳು ಮುಗಿಯುತ್ತ ಬಂದಿತ್ತು.

ಗುರುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಜೇಬಿನಿಂದ ಸ್ಕೆಚ್ ಪೆನ್ನು ತೆಗೆದು, ಕ್ಯಾನಿನ ಮೈಮೇಲೆ ಅರ್ಧ ಲೀಟರಿನ ಮಟ್ಟಕ್ಕೆ ನೇರವಾದ ಕೆಂಪು ಗೆರೆ ಎಳೆದೆ. “ಇದನ್ನು ದಾಟಬೇಕು. ದಾಟಿದರೆ ಪಾಸು” ಎಂದೆ. ನನ್ನ ಗೆರೆ ಬಲು ನೇರವಾಗಿ ಬಂದಿತ್ತು. ಎರಡು ಸಲ ನೋಡಿ ಖುಷಿಪಟ್ಟೆ. ಬೊಮ್ಮಿಯೂ ಗಂಗಿಯೂ ಅದನ್ನೇ ನೋಡಿದರು.

ಶುಕ್ರವಾರ ಆಸ್ಪತ್ರೆಯಲ್ಲಿ ಯಂತ್ರ ನೋಡಿಕೊಳ್ಳುವ ಪ್ರಣಿತಾ ಕ್ಯಾನು ಎತ್ತಿ, “ಬೊಮ್ಮಕ್ಕಾ, ಒಂಬೈನೂರು ಉಂಟಲ್ಲ!” ಎಂದು ಕೂಗಿದಳಂತೆ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಅಲ್ಲಿ ಮಲಗಿದವರಿಗೆ ಅದು ಲಾಟರಿ ಹೊಡೆದ ಸುದ್ದಿ. ಮಧ್ಯಾಹ್ನ ರಿಪೋರ್ಟ್ ಬಂತು. ಕೊಳೆ ಚೆನ್ನಾಗಿ ಹೊರಗೆ ಬಿದ್ದಿದೆ. ಡಾಕ್ಟರು ಅದನ್ನು ಎರಡು ಸಲ ಓದಿದರು.

“ರಕ್ತದಲ್ಲಿ ಇನ್ನೂ ಇಳಿದಿಲ್ಲ. ಕೆಲವರಿಗೆ ಅದು ನಿಧಾನ. ಇವತ್ತು ಯಂತ್ರ ಬೇಡ. ಸೋಮವಾರ ಬೆಳಿಗ್ಗೆಯೇ ಬಂದು ರಕ್ತ ಕೊಡಬೇಕು. ಅಲ್ಲಿ ತನಕ ನೀರು, ಪಥ್ಯ ಎಲ್ಲ ಮೊದಲಿನ ಹಾಗೇ. ಎಳನೀರು ಮುಟ್ಟಬೇಡಿ.”

‘ಯಂತ್ರ ಬೇಡ’ ಎಂಬಲ್ಲಿಗೇ ಬೊಮ್ಮಿಯ ಕಿವಿ ತುಂಬಿತ್ತು.

ಶನಿವಾರ ಅಂಗಳದಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಸೇರಿದ್ದರು. ಯಾರೋ ಎಳನೀರು ಕೆಡವಿಸಿ ತಂದಿದ್ದರು. ಮೂತ್ರ ಕಟ್ಟಿದವರಿಗೆ ನಮ್ಮ ಕಡೆ ಬೇರೆ ಔಷಧವೇ ಇಲ್ಲ. ಬೊಮ್ಮಿ ಒಂದನ್ನು ಕೈಯಲ್ಲಿ ಹಿಡಿದು, “ಮಾಸ್ತರ್ರೇ, ಕುಡಿಯೂಕೆ ಅಡ್ಡಿ ಇಲ್ಲ ಅಲ್ದಾ?” ಎಂದು ನನ್ನನ್ನೇ ಕೇಳಿದಳು. ಅಷ್ಟು ಜನರ ಎದುರು.

ಪೊಟ್ಯಾಸಿಯಂ ನನಗೆ ಗೊತ್ತಿತ್ತು. ಆಗಷ್ಟೇ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ ರಿಪೋರ್ಟೂ ನನ್ನ ಕೈಯಲ್ಲಿತ್ತು. ನನ್ನ ಗೆರೆಯನ್ನು ಹೆಚ್ಚುಕಡಿಮೆ ದುಪ್ಪಟ್ಟು ದಾಟಿದ ರಿಪೋರ್ಟ್. “ಇಷ್ಟು ಚೊಕ್ಕ ಬಂದ ಮೇಲೆ ಒಂದು ಎಳನೀರಿಗೆ ಎಂತ ಆಗ್ತದೆ?” ಎಂದೆ.

ಅವಳು ಕಣ್ಣುಮುಚ್ಚಿ, ನಿಲ್ಲಿಸದೆ ಕುಡಿದಳು. ಕುತ್ತಿಗೆಯ ಮೇಲೆ ಇಳಿದದ್ದನ್ನೂ ಕೈಯಿಂದ ಒರೆಸಿ ನೆಕ್ಕಿದಳು. ಸಂಜೆಯೊಳಗೆ ನಾಲ್ಕು ಆಗಿದ್ದವು ಎಂದು ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಏಳಲು ಹೋದರೆ ಕಾಲು ನಿಲ್ಲಲಿಲ್ಲ. ತುಟಿ ಮರಗಟ್ಟಿದೆ, ಎದೆ ತಪ್ಪಿ ತಪ್ಪಿ ಹೊಡೆಯುತ್ತದೆ ಎಂದಳಂತೆ. ಗಂಗಿ ರಿಕ್ಷಾ ತರಿಸಿದಳು. ಶರಾವತಿ ಸೇತುವೆಯ ನಡುವೆ ಬೊಮ್ಮಿ ಗಂಗಿಯ ಹೆಗಲಿಗೆ ತಲೆ ಕೊಟ್ಟಳು. ಸೇತುವೆ ದಾಟುವಾಗ ಗಂಗಿ ಅವಳನ್ನು ಮಾತಾಡಿಸುತ್ತಲೇ ಇದ್ದಳು. ಉತ್ತರ ಬರಲಿಲ್ಲ. ತಾಯಿ ಗುಣವಾದಳೆಂದು ಸೀರೆ ಹಿಡಿದುಕೊಂಡು ಮಂಗಲಾ ಆ ಹೊತ್ತಿಗೆ ಭಟ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದಳು.

ಅಂಥ ರಿಪೋರ್ಟ್ ಇದ್ದವಳು ಹೀಗೆ ಹೇಗೆ ಹೋದಳು ಎಂದು ಡಾಕ್ಟರು ಎಲ್ಲರನ್ನೂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನಾನು ಎಳನೀರಿನ ಮಾತು ಎತ್ತಿದೆ. ಒಂದು ಎಂದೆ.

ಸಂತಾಪಸಭೆಯಲ್ಲಿ ಕಮಲಾಕರ ಇಪ್ಪತ್ತೈದು ನಿಮಿಷ ಮಾತಾಡಿದ. ಶೌಚಾಲಯಕ್ಕೆ ಬೊಮ್ಮಿಯ ಹೆಸರಿಡುವುದಾಗಿ ಘೋಷಿಸಿದ. ಹೇಳಿದಂತೆ ಮಾಡಿದ ಕೂಡ. ಈಗ ಅಲ್ಲಿ ಎರಡು ಫಲಕಗಳಿವೆ, ಬೀಗ ಮೊದಲಿನದೇ.

ಸೆಪ್ಟೆಂಬರಿನಲ್ಲಿ ಬಂಗುಡೆ ಬರತೊಡಗಿದ ಮೇಲೆ ಗಂಗಿ ಒಬ್ಬಳೇ ನಮ್ಮ ಓಣಿಗೆ ಬಂದಳು. ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಮೀನು ತೋರಿಸದೆ ಕೂತಳು.

“ಮಾಸ್ತರ್ರೇ, ಒಂದು ಕೇಳೂದಿತ್ತು. ಮಂಗಲಾಗೆ ಹೇಳೂದಿಲ್ಲ ಅಲ್ದಾ?”

“ಇಲ್ಲ, ಕೇಳು.”

“ಆ ಕ್ಯಾನಿನಲ್ಲಿ ಅಕ್ಕಂದು ಗೆರೆಗೆ ಬರಲಿಲ್ಲ. ಅರ್ಧವೂ ಇರಲಿಲ್ಲ. ನಂದು ರಾತ್ರಿಯದ್ದನ್ನೂ ಹಿಡಿದಿಟ್ಟು, ಶುಕ್ರವಾರ ಬೆಳಿಗ್ಗೆ ಹೊರಡುವ ಮೊದಲು ಎಲ್ಲ ಹಾಕಿದೆ.”

ನಾನೂ ಮೆಟ್ಟಿಲ ಮೇಲೆ ಕೂತೆ.

“ಹಾಕೂದನ್ನು ಹೇಳಬಾರದು ಮಾಸ್ತರ್ರೇ, ನಮ್ಮಲ್ಲಿ ಪದ್ಧತಿ ಇಲ್ಲ. ಆದ್ರೂ ಹೇಳ್ತಿದ್ದೇನೆ. ಬುಟ್ಟಿ ತುಂಬಿದ್ರೆ ಪಾಲು ಕೊಡ್ತಾರಲ್ಲ, ಹಾಗೆ ಅಂದುಕೊಂಡೆ.”

“ಬೊಮ್ಮಿಗೆ ಗೊತ್ತಿತ್ತಾ?”

“ನಂಗೆಂತ ಗೊತ್ತು. ನಾನು ಕ್ಯಾನು ತಗೊಂಡು ಹೋಗೂದು ಕಂಡಿರಬೇಕು. ಅವಳು ಆಚೆ ತಿರುಗಿ ಕೂತಿದ್ದಳು.”

ಗಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಕೇಳಬೇಕಾದ್ದು ಇನ್ನೂ ಬಂದಿರಲಿಲ್ಲ.

“ನಾನೂ ಅವಳ ಹಾಗೇ ನೀರು ಕುಡಿಯೂದಿಲ್ಲ. ನಂದೂ ಕೆಟ್ಟದ್ದೇ ಇರಬೇಕು. ಕೆಟ್ಟದ್ದು ಸೇರಿಸಿ ಅವಳದ್ದನ್ನೂ ಕೆಡಿಸಿದೆ ಕಾಣ್ತದೆ. ಅದಕ್ಕೇ ಹೋದಳಾ? ನಂದು ಸರಿ ಇತ್ತಾ ಮಾಸ್ತರ್ರೇ?”

ನನ್ನ ಮೇಜಿನ ಡ್ರಾಯರಿನಲ್ಲಿ ಆ ರಿಪೋರ್ಟಿನ ಪ್ರತಿ ಇತ್ತು. ಡಾಕ್ಟರು ಮೆಚ್ಚಿದ, ಪ್ರಣಿತಾ ಕೂಗಿ ಹೇಳಿದ, ನಾನು ಅಂಗಳದಲ್ಲಿ ಗಟ್ಟಿಯಾಗಿ ಓದಿದ ಅಂಕಿಗಳು. ಅವು ಗಂಗಿಯವು. ಅವು ಕೆಟ್ಟದಾಗಿದ್ದರೆ ಶುಕ್ರವಾರ ಯಂತ್ರ ನಿಲ್ಲುತ್ತಿರಲಿಲ್ಲ, ಶನಿವಾರ ಯಾರೂ ಎಳನೀರು ಕೆತ್ತುತ್ತಿರಲಿಲ್ಲ. ಯಾರೂ ಕೇಳದಿದ್ದಾಗಲೂ ಉತ್ತರ ಹೇಳುತ್ತ ಬಂದವನು ನಾನು. ಬಾಯಿ ತೆರೆದೆ.

“ನಿಂದು ಸರಿ ಇತ್ತು ಗಂಗಿ” ಎಂದೆ. “ನಿನ್ನದರಿಂದ ಅವಳದ್ದು ಕೆಡಲಿಲ್ಲ.”

“ಹೌದಾ?”

“ಹೌದು. ಚೊಕ್ಕ ಇತ್ತು.”

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. “ಆತು. ಎರಡು ತಿಂಗಳಿಂದ ಅನ್ನ ಇಳೀತಿರಲಿಲ್ಲ” ಎಂದು ಬುಟ್ಟಿಯ ಮೇಲಿನ ಎಲೆ ಸರಿಸಿದಳು.

ನಾನು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟೆ. ಬಚ್ಚಲು ಹಿಂದೆಯೇ ಇದೆ, ಕುಡಿದು ಹೋಗು ಎಂದೆ. ಗಂಗಿ ಚೊಂಬು ತೆಗೆದುಕೊಂಡು, ಬಿಸಿಲು ಎಷ್ಟಿದೆ ಎಂದು ತಲೆಯೆತ್ತಿ ನೋಡಿದಳು. ಇನ್ನೂ ಹತ್ತು ಮನೆ ಬಾಕಿಯಿತ್ತು. ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ಹಿಡಿದು, ನೀರನ್ನೆಲ್ಲ ಬಂಗುಡೆಯ ಮೇಲೆ ಚಿಮುಕಿಸಿ, ಖಾಲಿ ಚೊಂಬನ್ನು ಮೆಟ್ಟಿಲ ಮೇಲಿಟ್ಟಳು.